ಹೆಲ್ತ್ ಚೆಕಪ್‌ನ ಹೊಟ್ಟೆ ಸ್ಕ್ಯಾನ್: ಕಿಡ್ನಿ ಗಡ್ಡೆಯ ಮಟ್ಟಿಗೆ ಎಷ್ಟು ನಂಬಬಹುದು?

ಯಾವ ಲ್ಯಾಬಿನ, ಯಾವ ಆಸ್ಪತ್ರೆಯ ಹೆಲ್ತ್ ಚೆಕಪ್ ಪ್ಯಾಕೇಜ್ ತೆಗೆದು ನೋಡಿದರೂ ಶುಗರ್, ಕೊಲೆಸ್ಟ್ರಾಲ್, ಇಸಿಜಿ ಜೊತೆಗೆ ಹೊಟ್ಟೆಯ ಅಲ್ಟ್ರಾಸೌಂಡ್ ಸಾಮಾನ್ಯವಾಗಿ ಇರುತ್ತದೆ. ಮಾಡಿಸಿಕೊಳ್ಳುವವರು ಇದನ್ನು ಫ್ಯಾಟಿ ಲಿವರ್, ಪಿತ್ತಕೋಶದ ಕಲ್ಲು ನೋಡುವ ಪರೀಕ್ಷೆ ಎಂದುಕೊಂಡಿರುತ್ತಾರೆ. ಕಿಡ್ನಿ ಕ್ಯಾನ್ಸರ್ ಇದೆಯೇ ನೋಡಿ ಎಂದು ಕೇಳಿಕೊಂಡು ಬರುವವರು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಕಳೆದ ನಲವತ್ತು ವರ್ಷಗಳಲ್ಲಿ ಕಿಡ್ನಿ ಕ್ಯಾನ್ಸರಿನ ಚಹರೆಯನ್ನೇ ಬದಲಿಸಿದ್ದು ಈ ಹತ್ತು ನಿಮಿಷದ ಸ್ಕ್ಯಾನ್ ಮತ್ತು ಅದರ ದೊಡ್ಡಣ್ಣ ಸಿಟಿ. ಹಾಗಾಗಿ ಪ್ಯಾಕೇಜಿನ ಮಿಕ್ಕ ಪರೀಕ್ಷೆಗಳನ್ನು ಬದಿಗಿಟ್ಟು, ಕಿಡ್ನಿಯಲ್ಲಿ ಗಡ್ಡೆ ಇದ್ದರೆ ಈ ಸೇವೆ ಅದನ್ನು ಹಿಡಿಯುತ್ತದೆಯೇ, ಹಿಡಿದ ಮೇಲೆ ನಮ್ಮನ್ನು ಸರಿಯಾದ ದಾರಿಗೆ ಹಚ್ಚುತ್ತದೆಯೇ ಎಂಬುದನ್ನಷ್ಟೇ ಇಲ್ಲಿ ನೋಡೋಣ.

ವೈದ್ಯಕೀಯ ವಿದ್ಯಾರ್ಥಿಗಳಿಗೆ ಇವತ್ತಿಗೂ ಬಾಯಿಪಾಠ ಮಾಡಿಸುವ ಮೂರು ಲಕ್ಷಣಗಳಿವೆ: ಪಕ್ಕೆ ನೋವು, ಮೂತ್ರದಲ್ಲಿ ರಕ್ತ, ಕೈಗೆ ಸಿಗುವ ಗಡ್ಡೆ. ಈಗ ಈ ಮೂರೂ ಒಟ್ಟಿಗೆ ಇರುವವರು ನೂರಕ್ಕೆ ಹತ್ತು ಮಂದಿಯೂ ಇಲ್ಲ. ಮೂರೂ ಇದ್ದಾಗ ಗಡ್ಡೆ ಬಹುಪಾಲು ದೊಡ್ಡದಾಗಿ ಬೆಳೆದಿರುತ್ತದೆ. 1971ರಲ್ಲಿ ಹೌನ್ಸ್‌ಫೀಲ್ಡ್ ಅವರ ಸಿಟಿ ಯಂತ್ರದಲ್ಲಿ ಮೊದಲ ರೋಗಿಯನ್ನು ನೋಡಿದರು. ಮುಂದಿನ ದಶಕಗಳಲ್ಲಿ ಸಿಟಿಯೂ ಅಲ್ಟ್ರಾಸೌಂಡೂ ಊರೂರಿಗೆ ಬಂದವು. ಈಗ ಪಾಶ್ಚಾತ್ಯ ದೇಶಗಳಲ್ಲಿ ಪತ್ತೆಯಾಗುವ ಕಿಡ್ನಿ ಗಡ್ಡೆಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಬೇರೇನಕ್ಕೋ ಮಾಡಿದ ಸ್ಕ್ಯಾನಿನಲ್ಲಿ ಆಕಸ್ಮಿಕವಾಗಿ ಕಾಣಿಸಿಕೊಂಡವು.

ಗಡ್ಡೆಗಳು ಎಷ್ಟು ಚಿಕ್ಕದಾಗಿ ಸಿಗತೊಡಗಿದವು ಎನ್ನುವುದಕ್ಕೆ ಸ್ಟೇಜ್ ಹೇಳುವ ಟಿಎನ್‌ಎಂ ಪದ್ಧತಿಯ ಇತಿಹಾಸವೇ ಸಾಕ್ಷಿ. ಮೊದಲು ಟಿ1 ಎಂದರೆ 2.5 ಸೆಂ.ಮೀ. ಒಳಗಿನದು. ಕಿಡ್ನಿಯೊಳಗೇ ಇರುವ ಗಡ್ಡೆಗಳ ಫಲಿತಾಂಶ ಒಳ್ಳೆಯದಿರುವುದನ್ನು ಕಂಡು 1997ರಲ್ಲಿ ಆ ಗೆರೆಯನ್ನು 7 ಸೆಂ.ಮೀ.ಗೆ ಸರಿಸಿದರು. ಚಿಕ್ಕ ಗಡ್ಡೆಗಳೇ ತುಂಬಿಕೊಂಡು, ಕಿಡ್ನಿ ಉಳಿಸಿ ಗಡ್ಡೆಯನ್ನಷ್ಟೇ ತೆಗೆಯುವ ಆಪರೇಷನ್ ಬಳಕೆಗೆ ಬಂದ ಮೇಲೆ 2002ರಲ್ಲಿ ಟಿ1 ಅನ್ನೇ ಎರಡಾಗಿ ಸೀಳಿದರು: 4 ಸೆಂ.ಮೀ.ವರೆಗೆ ಟಿ1ಎ, ಅದರ ಮೇಲೆ 7ರವರೆಗೆ ಟಿ1ಬಿ. 2010ರಲ್ಲಿ ಟಿ2 (7 ಸೆಂ.ಮೀ. ಮೀರಿಯೂ ಕಿಡ್ನಿಯೊಳಗೇ ಇರುವುದು) ಕೂಡ 10 ಸೆಂ.ಮೀ. ಗೆರೆಯಲ್ಲಿ ಎರಡಾಯಿತು. ಹಳೆಯ ರಿಪೋರ್ಟಿನ ಟಿ1ನ್ನೂ ಹೊಸ ರಿಪೋರ್ಟಿನ ಟಿ1ನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವವರು ಈ ಇಸವಿಗಳನ್ನು ಮರೆಯಬಾರದು.

ನಮ್ಮಲ್ಲಿ ಈ ಬದಲಾವಣೆ ತಡವಾಗಿ, ಅದೂ ಒಂದೇ ಸಮನಲ್ಲದೆ ನಡೆಯುತ್ತಿದೆ. ಅಮೆರಿಕದಲ್ಲಿ ಪತ್ತೆಯಾಗುವ ವಯಸ್ಸು 65ರ ಆಸುಪಾಸು. ಭಾರತದ ಆಸ್ಪತ್ರೆಗಳು ಪ್ರಕಟಿಸಿರುವ ವರದಿಗಳಲ್ಲಿ ಸರಾಸರಿ ವಯಸ್ಸು ಐವತ್ತರ ದಶಕದಲ್ಲೇ ನಿಲ್ಲುತ್ತದೆ, ಗಡ್ಡೆಯ ಗಾತ್ರವೂ ಅಲ್ಲಿಗಿಂತ ದೊಡ್ಡದು. ಬೆಂಗಳೂರಿನಂಥ ಊರಲ್ಲಿ ಕಂಪನಿಯ ಚೆಕಪ್‌ನಲ್ಲಿ 2 ಸೆಂ.ಮೀ. ಗಡ್ಡೆ ಸಿಗುವುದು ಹೊಸತೇನಲ್ಲ. ಸ್ಕ್ಯಾನ್ ಸುಲಭಕ್ಕೆ ಸಿಗದ ಕಡೆಯಿಂದ ಬರುವವರು ಮೂತ್ರದಲ್ಲಿ ರಕ್ತ ಕಂಡು, ಅದು ತಾನೇ ನಿಂತಿತೆಂದು ಸುಮ್ಮನಿದ್ದು, ಮತ್ತೆ ಕಂಡಾಗ ಬರುತ್ತಾರೆ. ನೋವಿಲ್ಲದೆ ಮೂತ್ರ ಕೆಂಪಾದರೆ ಅದು ಉಷ್ಣವೂ ಅಲ್ಲ, ಬಿಸಿಲೂ ಅಲ್ಲ. ಒಮ್ಮೆ ಕಂಡು ನಿಂತರೂ ಸ್ಕ್ಯಾನ್ ಆಗಲೇಬೇಕು.

ಚಿಕ್ಕದಾಗಿ ಸಿಕ್ಕರೆ ಜೀವ ಉಳಿಯುತ್ತದೆ, ಇನ್ನೇನು ಬೇಕು ಎನ್ನಬಹುದು. ಲೆಕ್ಕ ಅಷ್ಟು ನೇರವಾಗಿಲ್ಲ. ಅಮೆರಿಕದ ಅಂಕಿಅಂಶಗಳನ್ನು ಇಟ್ಟುಕೊಂಡು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ಎಲ್ಲರ ಕಣ್ಣು ತೆರೆಸಿತು: ಚಿಕ್ಕ ಗಡ್ಡೆಗಳ ಪತ್ತೆ ಏರಿತ್ತು, ಆಪರೇಷನ್‌ಗಳೂ ಏರಿದ್ದವು, ಸಾವಿನ ಪ್ರಮಾಣ ಮಾತ್ರ ಅದಕ್ಕೆ ತಕ್ಕಂತೆ ಇಳಿದಿರಲಿಲ್ಲ. ಅಂದರೆ ಸ್ಕ್ಯಾನ್ ಹಿಡಿಯುತ್ತಿರುವ ಗಡ್ಡೆಗಳಲ್ಲಿ ಒಂದಷ್ಟು, ಹಾಗೇ ಬಿಟ್ಟಿದ್ದರೂ ಆ ಮನುಷ್ಯನಿಗೆ ತೊಂದರೆ ಕೊಡದೆ ಇರುತ್ತಿದ್ದವು. 4 ಸೆಂ.ಮೀ. ಒಳಗಿನ ಗಟ್ಟಿ ಗಡ್ಡೆಗಳನ್ನು ತೆಗೆದು ನೋಡಿದಾಗ ಐದರಲ್ಲಿ ಒಂದು ಕ್ಯಾನ್ಸರೇ ಅಲ್ಲ. ಮೇಯೋ ಕ್ಲಿನಿಕ್ 1970ರಿಂದ 2000ದವರೆಗಿನ ತನ್ನ ಆಪರೇಷನ್‌ಗಳನ್ನು ಎಣಿಸಿ 2003ರಲ್ಲಿ ಕೊಟ್ಟ ಲೆಕ್ಕದಲ್ಲಿ 1 ಸೆಂ.ಮೀ.ಗಿಂತ ಚಿಕ್ಕವುಗಳಲ್ಲಿ ಹೆಚ್ಚುಕಡಿಮೆ ಅರ್ಧ ನಿರುಪದ್ರವಿ, 7 ಸೆಂ.ಮೀ. ಮತ್ತು ಅದಕ್ಕೂ ದೊಡ್ಡವುಗಳಲ್ಲಿ ನೂರಕ್ಕೆ ಆರೋ ಏಳೋ ಮಾತ್ರ. ಗಾತ್ರ ಏರಿದಂತೆ ಕ್ಯಾನ್ಸರ್ ಆಗಿರುವ ಸಾಧ್ಯತೆಯೂ ಅದು ಉಗ್ರವಾಗಿರುವ ಸಾಧ್ಯತೆಯೂ ಏರುತ್ತವೆ. ಚೆಕಪ್ ರಿಪೋರ್ಟಿನಲ್ಲಿ ಒಂದೂವರೆ ಸೆಂ.ಮೀ. ಗಡ್ಡೆ ಕಂಡವರು ಆ ರಾತ್ರಿ ನಿದ್ದೆಗೆಡುವ ಮುಂಚೆ ಈ ಲೆಕ್ಕ ತಿಳಿದಿರಬೇಕು.

ಈಗ ಸ್ಕ್ಯಾನಿನ ಕೋಣೆಗೆ ಹೋಗೋಣ. ಆರೆಂಟು ಗಂಟೆ ಖಾಲಿ ಹೊಟ್ಟೆ ಕೇಳುವುದು ಪಿತ್ತಕೋಶ ತುಂಬಿರಲೆಂದು, ಕರುಳಿನ ಗಾಳಿ ಕಡಿಮೆ ಇರಲೆಂದು. ನೀರು ಕುಡಿದು ಮೂತ್ರ ಕಟ್ಟಿಕೊಳ್ಳಲು ಹೇಳುವುದು ಮೂತ್ರಚೀಲ, ಗರ್ಭಕೋಶ, ಪ್ರಾಸ್ಟೇಟ್ ಕಾಣಲೆಂದು. ಕಿಡ್ನಿಗೆ ಇವೆರಡೂ ಅಷ್ಟೇನೂ ಬೇಕಿಲ್ಲ, ಅದಕ್ಕೆ ಬೇಕಾದದ್ದು ಸಮಯ. ಬಲ ಕಿಡ್ನಿ ಸುಲಭ: ಲಿವರ್ ಒಳ್ಳೆಯ ಕಿಟಕಿಯಂತೆ ಎದುರಿಗಿದೆ, ಅಂಗಾತ ಮಲಗಿಸಿಯೇ ನೋಡಬಹುದು. ಎಡದ್ದು ತಕರಾರಿನದು. ಮುಂದಿನಿಂದ ನೋಡಿದರೆ ಜಠರದ, ದೊಡ್ಡ ಕರುಳಿನ ಗಾಳಿ ಅಡ್ಡ ಬರುತ್ತದೆ. ಅದರ ಮೇಲ್ತುದಿ ಪಕ್ಕೆಲುಬಿನ ನೆರಳಿನಲ್ಲಿ ಅಡಗಿರುತ್ತದೆ. ಸರಿಯಾಗಿ ನೋಡಬೇಕಾದರೆ ಬಲ ಮಗ್ಗುಲಿಗೆ ತಿರುಗಿಸಿ, ಎಡಗೈಯನ್ನು ತಲೆಯ ಮೇಲಕ್ಕೆ ಇರಿಸಿ, ಪಕ್ಕೆಲುಬುಗಳ ನಡುವಿನ ಸಂದಿನಲ್ಲಿ ಪ್ರೋಬ್ ಓರೆಯಾಗಿ ಇಟ್ಟು, ದೀರ್ಘ ಉಸಿರೆಳೆದು ಹಿಡಿಯಲು ಹೇಳಬೇಕು. ಉಸಿರೆಳೆದಾಗ ಕಿಡ್ನಿ ಕೆಳಕ್ಕೆ ಜಾರಿ ನೆರಳಿನಿಂದ ಹೊರಬರುತ್ತದೆ. ಆಮೇಲೆ ಉದ್ದಕ್ಕೂ ಅಡ್ಡಕ್ಕೂ ತುದಿಯಿಂದ ತುದಿಗೆ ಪ್ರೋಬ್ ಸರಿಸಬೇಕು. ಎರಡು ಕಿಡ್ನಿಗೆ ಸೇರಿ ಮೂರು ನಾಲ್ಕು ನಿಮಿಷವಾದರೂ ಹಿಡಿಯುತ್ತದೆ. ಬೆಳಿಗ್ಗೆ ಹೊರಗೆ ನಲವತ್ತು ಜನ ಕೂತಿರುವ ಸೆಂಟರಿನಲ್ಲಿ ಮೊದಲು ಕತ್ತರಿ ಬೀಳುವುದು ಈ ನಿಮಿಷಗಳಿಗೇ. ನಿಮ್ಮನ್ನು ಮಗ್ಗುಲಿಗೆ ತಿರುಗಿಸದೆ, ಒಂದು ಸಲವೂ ಉಸಿರು ಹಿಡಿಸದೆ ಸ್ಕ್ಯಾನ್ ಮುಗಿಸಿದರೆ ಎಡ ಕಿಡ್ನಿಯ ಮೇಲ್ತುದಿಯನ್ನು ನೋಡಿಲ್ಲ ಎಂದೇ ತಿಳಿಯಿರಿ. "ಎಡಗಡೆ ಇನ್ನೊಂದು ಸಲ ನೋಡ್ತೀರಾ ಡಾಕ್ಟ್ರೇ, ಉಸಿರು ಹಿಡೀತೀನಿ" ಎಂದು ಕೇಳುವುದರಲ್ಲಿ ಸಂಕೋಚವೇನಿಲ್ಲ.

ಎಷ್ಟೇ ಚೆನ್ನಾಗಿ ಮಾಡಿದರೂ ಅಲ್ಟ್ರಾಸೌಂಡಿಗೆ ಅದರ ಮಿತಿ ಇದೆ. ಎರಡೂವರೆ ಮೂರು ಸೆಂ.ಮೀ. ಆದ ಗಡ್ಡೆ ಅನುಭವಿ ಕೈಗೆ ತಪ್ಪುವುದು ಅಪರೂಪ, ಒಂದೂವರೆ ಸೆಂ.ಮೀ. ಒಳಗಿನವು ಸಿಕ್ಕುವುದಕ್ಕಿಂತ ತಪ್ಪುವುದೇ ಹೆಚ್ಚು. ಹೊಟ್ಟೆಯ ಬೊಜ್ಜು ಹೆಚ್ಚಿದ್ದರೆ, ಗಡ್ಡೆ ಸುತ್ತಲಿನ ಕಿಡ್ನಿಯಷ್ಟೇ ಬೂದು ಬಣ್ಣದ್ದಾಗಿದ್ದು ಹೊರಕ್ಕೆ ಉಬ್ಬದೆ ಒಳಗೇ ಕೂತಿದ್ದರೆ, ದೊಡ್ಡದೂ ತಪ್ಪಬಹುದು. ಇಲ್ಲದ್ದು ಇದೆ ಎಂದು ಕಾಣುವುದೂ ಉಂಟು. ಕಿಡ್ನಿಯ ಹೊರಪದರ ಒಳಕ್ಕೆ ಇಳಿದು ಕಂಬದಂತೆ ನಿಂತಿರುತ್ತದೆ, ಬರ್ಟಿನ್ ಕಂಬ ಎನ್ನುತ್ತಾರೆ. ಎಡ ಕಿಡ್ನಿಯ ಬದಿಯಲ್ಲಿ ಒಂಟೆ ಡುಬ್ಬದಂಥ ಉಬ್ಬು ಇರುತ್ತದೆ. ಎರಡೂ ಸಹಜ, ಎರಡನ್ನೂ ಗಡ್ಡೆ ಎಂದು ಬರೆದು ಕಳಿಸಿದವರಿದ್ದಾರೆ. ರಕ್ತದ ಹರಿವು ತೋರಿಸುವ ಡಾಪ್ಲರ್ ಹಾಕಿ ನೋಡಿದರೆ ರಕ್ತನಾಳಗಳು ಪಕ್ಕಕ್ಕೆ ಸರಿಯದೆ ಸಹಜವಾಗಿ ಹಾದುಹೋಗಿರುವುದು ಕಾಣುತ್ತದೆ. ಮೂರನೆಯ ಮೋಸ ಬೆಳ್ಳಗೆ ಹೊಳೆಯುವ ಚುಕ್ಕೆಯದು. ಕೊಬ್ಬು ತುಂಬಿದ, ಕ್ಯಾನ್ಸರ್ ಅಲ್ಲದ ಆಂಜಿಯೋಮಯೋಲೈಪೋಮ ಹಾಗೆ ಹೊಳೆಯುತ್ತದೆ, ನಿಜ. ಆದರೆ 3 ಸೆಂ.ಮೀ. ಒಳಗಿನ ಕ್ಯಾನ್ಸರುಗಳಲ್ಲೂ ಗಣನೀಯ ಪಾಲು ಹಾಗೆಯೇ ಹೊಳೆಯುತ್ತವೆ. ಹೊಳಪನ್ನಷ್ಟೇ ನೋಡಿ "ಕೊಬ್ಬಿನ ಗಡ್ಡೆ, ಏನೂ ಬೇಡ" ಎಂದು ಮುಗಿಸಿದ ರಿಪೋರ್ಟನ್ನು ಒಪ್ಪಬೇಡಿ. ಡೈ ಹಾಕದ ಸಿಟಿಯಲ್ಲಿ ಆ ಜಾಗದ ಸಾಂದ್ರತೆ (ಅದರ ಮಾನಕ್ಕೆ ಹೌನ್ಸ್‌ಫೀಲ್ಡ್ ಹೆಸರೇ ಇದೆ) ಮೈನಸ್ 10 ಹೌನ್ಸ್‌ಫೀಲ್ಡ್‌ಗಿಂತ ಕೆಳಗಿದ್ದರೆ ಮಾತ್ರ ಕೊಬ್ಬು ಇದೆ ಎನ್ನಬಹುದು.

ರಿಪೋರ್ಟಿನ ಗುಣಮಟ್ಟಕ್ಕೆ ನಮ್ಮ ಅಂಕ ಕಡಿಮೆ. "ಎರಡೂ ಕಿಡ್ನಿ ಗಾತ್ರ, ಆಕಾರ ನಾರ್ಮಲ್" ಎಂಬ ಸಾಲು ಅನೇಕ ಕಡೆ ಕಂಪ್ಯೂಟರಿನಲ್ಲಿ ಮೊದಲೇ ಟೈಪ್ ಆಗಿ ಕೂತಿರುತ್ತದೆ. ಕೆಲಸಕ್ಕೆ ಬರುವ ರಿಪೋರ್ಟಿನಲ್ಲಿ ಎರಡೂ ಕಿಡ್ನಿಯ ಉದ್ದ ಮಿ.ಮೀ.ಗಳಲ್ಲಿ ಇರಬೇಕು. ಗಡ್ಡೆ ಕಂಡಿದ್ದರೆ ಯಾವ ಕಿಡ್ನಿ, ಮೇಲೋ ನಡುವೋ ಕೆಳಗೋ, ಹೊರಕ್ಕೆ ಉಬ್ಬಿದೆಯೋ ಒಳಗಿದೆಯೋ, ಮೂರು ದಿಕ್ಕಿನ ಅಳತೆ, ಗಟ್ಟಿಯೋ ನೀರೋ, ರಕ್ತ ಹರಿವು ಇದೆಯೋ ಎಂಬುದು ಬರಬೇಕು. ಗಾಳಿಯಿಂದ ಅಥವಾ ಬೊಜ್ಜಿನಿಂದ ಪೂರ್ತಿ ಕಾಣದಿದ್ದರೆ ಕಾಣಲಿಲ್ಲ ಎಂದೇ ಬರೆಯಬೇಕು. ಹಾಗೆ ಬರೆಯುವ ಸೆಂಟರನ್ನು ನಂಬಿ. ಅದು ಅವರ ಕೊರತೆಯಲ್ಲ, ಪ್ರಾಮಾಣಿಕತೆ.

ನೀರುಗುಳ್ಳೆಗಳ ವಿಷಯ ಬೇಗ ಮುಗಿಸಬಹುದು. ಐವತ್ತು ದಾಟಿದವರಲ್ಲಿ ಕಿಡ್ನಿಯ ಸಿಸ್ಟ್ ಸರ್ವೇಸಾಮಾನ್ಯ. ಒಳಗೆ ಪೂರ್ತಿ ಕಪ್ಪು, ತೆಳ್ಳನೆಯ ಗೋಡೆ, ಹಿಂಬದಿಗೆ ಹೊಳಪು ಇದ್ದರೆ ಅದು ಸಾದಾ ಸಿಸ್ಟ್, ಪ್ರತಿವರ್ಷ ಸ್ಕ್ಯಾನ್ ಮಾಡಿಸುತ್ತಾ ಕೂರುವುದು ಬೇಡ. ಒಳಗೆ ದಪ್ಪ ಗೋಡೆ, ಗಟ್ಟಿ ಗಂಟು ಕಂಡರೆ ಸಿಟಿ ಅಥವಾ ಎಂಆರ್‌ಐ ಮಾಡಿ ಬೋಸ್ನಿಯಾಕ್ ವರ್ಗ ಹೇಳಬೇಕು. ನ್ಯೂಯಾರ್ಕಿನ ಮಾರ್ಟನ್ ಬೋಸ್ನಿಯಾಕ್ 1986ರಲ್ಲಿ ಕೊಟ್ಟ ಈ ವರ್ಗೀಕರಣವನ್ನು 2019ರಲ್ಲಿ ಬೇರೆ ತಜ್ಞರು ಪರಿಷ್ಕರಿಸಿದರು. 1 ಮತ್ತು 2ಕ್ಕೆ ಏನೂ ಬೇಡ, 2ಎಫ್‌ಗೆ ಆರು ತಿಂಗಳು, ಒಂದು ವರ್ಷ, ಆಮೇಲೆ ವರ್ಷಕ್ಕೊಮ್ಮೆ ಐದು ವರ್ಷದವರೆಗೆ ನೋಡಬೇಕು. 3ರಲ್ಲಿ ಸುಮಾರು ಅರ್ಧ, 4ರಲ್ಲಿ ಬಹುಪಾಲು ಕ್ಯಾನ್ಸರ್.

ಗಟ್ಟಿ ಗಡ್ಡೆ ಕಂಡರೆ ಮುಂದಿನದು ಸಿಟಿ. ದುಡ್ಡು ಹೆಚ್ಚು ಹಾಳಾಗುವುದು ಇಲ್ಲಿಯೇ. "ಹೊಟ್ಟೆಯ ಸಿಟಿ, ಡೈ ಹಾಕಿ" ಎಂದಷ್ಟೇ ಚೀಟಿ ಬರೆದರೆ ಅನೇಕ ಕಡೆ ಡೈ ಕೊಟ್ಟು ಸುಮಾರು 70 ಸೆಕೆಂಡಿಗೆ ಒಂದೇ ಸುತ್ತು ತೆಗೆದು ಕಳಿಸುತ್ತಾರೆ. ಲಿವರಿಗೆ ಅದು ಸಾಕು, ಕಿಡ್ನಿ ಗಡ್ಡೆಗೆ ಸಾಲದು. ಗಡ್ಡೆ ಡೈ ಹೀರಿಕೊಂಡಿತೋ ಇಲ್ಲವೋ ತಿಳಿಯಬೇಕಾದರೆ ಡೈಗೆ ಮುಂಚಿನ ಅಳತೆ ಬೇಕೇ ಬೇಕು. ಕಿಡ್ನಿಯ ಸಿಟಿಯಲ್ಲಿ ಮೊದಲು ಡೈ ಇಲ್ಲದೆ ಒಂದು ಸುತ್ತು. ಡೈ ಕೊಟ್ಟ 30–40 ಸೆಕೆಂಡಿಗೆ ಎರಡನೆಯದು, ರಕ್ತನಾಳಗಳ ನಕ್ಷೆಗಾಗಿ. 90–120 ಸೆಕೆಂಡಿಗೆ ಮೂರನೆಯದು, ಕಿಡ್ನಿ ಇಡೀ ಒಂದೇ ಬಣ್ಣಕ್ಕೆ ಬಂದಾಗ. ಮೂತ್ರನಾಳದ ಪ್ರಶ್ನೆ ಇದ್ದರೆ ಐದು ನಿಮಿಷದ ಮೇಲೆ ಇನ್ನೊಂದು. ಎರಡನೆಯ ಸುತ್ತನ್ನು ಮಾತ್ರ ನಂಬಿದರೆ ಒಳಪದರ ಆಗಿನ್ನೂ ಕಪ್ಪಾಗಿರುವುದರಿಂದ ಅಲ್ಲಿನ ಚಿಕ್ಕ ಗಡ್ಡೆ ಕಣ್ತಪ್ಪುತ್ತದೆ. ಅದನ್ನು ಬಯಲಿಗೆ ತರುವುದು ಮೂರನೆಯದು.

ಒಂದು ಉದಾಹರಣೆ. ಡೈಗೆ ಮುಂಚೆ ಗಡ್ಡೆಯ ಸಾಂದ್ರತೆ 34, ಮೂರನೆಯ ಸುತ್ತಿನಲ್ಲಿ 86 ಎಂದಿಟ್ಟುಕೊಳ್ಳಿ. ವ್ಯತ್ಯಾಸ 52. 20ಕ್ಕಿಂತ ಹೆಚ್ಚು ಏರಿದ್ದರೆ ಅದು ರಕ್ತ ಹರಿಯುವ ಗಟ್ಟಿ ಗಡ್ಡೆ. 10ರೊಳಗೆ ಇದ್ದರೆ ಏರಿಕೆಯೇ ಅಲ್ಲ. 10ರಿಂದ 20 ಅಡ್ಡಗೋಡೆಯ ಮೇಲಿನ ದೀಪ: ಪ್ಯಾಪಿಲ್ಲರಿ ಜಾತಿಯ ಕ್ಯಾನ್ಸರ್ ಡೈಯನ್ನು ನಿಧಾನವಾಗಿ, ಕಡಿಮೆ ಹೀರುವುದರಿಂದ ಇಲ್ಲಿಯೇ ಸಿಕ್ಕಿಬೀಳುತ್ತದೆ, ಒಂದೂವರೆ ಸೆಂ.ಮೀ.ಗಿಂತ ಚಿಕ್ಕ ಸಿಸ್ಟ್ ಕೂಡ ಸುತ್ತಲಿನ ಹೊಳಪಿನಿಂದ ಏರಿದಂತೆ ತೋರುತ್ತದೆ. ಅಂಥದ್ದಕ್ಕೆ ಎಂಆರ್‌ಐ ಬೇಕು. ಈ ಎರಡು ಅಂಕಿಗಳಿಲ್ಲದ ಸಿಟಿ ರಿಪೋರ್ಟ್ ಅರ್ಧ ರಿಪೋರ್ಟ್. ಡೈಗೆ ಮುಂಚೆ ಕ್ರಿಯಾಟಿನಿನ್ ಮಾಡಿಸಿ ಇಜಿಎಫ್ಆರ್ (ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಎನ್ನುವ ಅಂಕಿ) ಲೆಕ್ಕ ಹಾಕಿಸಿ. 30ಕ್ಕಿಂತ ಕೆಳಗಿದ್ದರೆ ಡೈ ಕೊಡುವ ಮುನ್ನ ವೈದ್ಯರು ಯೋಚಿಸಬೇಕು, ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ನಿಲ್ಲಿಸುವ ಮಾತೂ ಆಗಲೇ ಬರುವುದು.

ಇಷ್ಟಾದರೂ ಸಿಟಿ ಹೇಳಲಾರದ್ದು ಒಂದಿದೆ. ಆಂಕೋಸೈಟೋಮ ಎಂಬ ನಿರುಪದ್ರವಿ ಗಡ್ಡೆಯನ್ನೂ ಕ್ರೋಮೋಫೋಬ್ ಜಾತಿಯ ಕ್ಯಾನ್ಸರನ್ನೂ ಚಿತ್ರದಲ್ಲಿ ನಂಬಿಕೆಯಿಂದ ಬೇರ್ಪಡಿಸಲಾಗದು. ಅಲ್ಲಿ ಬಯಾಪ್ಸಿ ನೆರವಿಗೆ ಬರುತ್ತದೆ. "ಸೂಜಿ ಚುಚ್ಚಿದರೆ ಹರಡುತ್ತದೆ" ಎಂಬ ಹೆದರಿಕೆ ನಮ್ಮಲ್ಲಿ ಬಹಳ ಆಳಕ್ಕೆ ಇಳಿದಿದೆ, ಕೆಲವು ವೈದ್ಯರಲ್ಲೂ ಇದೆ. ಹೊರಗೊಂದು ಕೊಳವೆಯಂಥ ಸೂಜಿ ಇಟ್ಟು ಅದರೊಳಗಿಂದ 18 ಗೇಜ್ ಸೂಜಿ ಹಾಯಿಸುವ ಈಗಿನ ವಿಧಾನದಲ್ಲಿ ಸೂಜಿದಾರಿಯಲ್ಲಿ ಕ್ಯಾನ್ಸರ್ ಬೆಳೆದದ್ದು ಅತ್ಯಪರೂಪ. ಕನಿಷ್ಠ ಎರಡು ತುಣುಕು ತೆಗೆಯಬೇಕು, ದೊಡ್ಡ ಗಡ್ಡೆಯಾದರೆ ಕೊಳೆತ ನಡುಭಾಗ ಬಿಟ್ಟು ಅಂಚಿನಿಂದ. ಹತ್ತರಲ್ಲಿ ಒಂದು ಸಲ ಏನೂ ಹೇಳಲಾಗದ ಫಲಿತಾಂಶ ಬರುತ್ತದೆ. ಹಾಗೆ ಬಂದರೆ ಕ್ಯಾನ್ಸರ್ ಇಲ್ಲ ಎಂದರ್ಥವಲ್ಲ, ಮತ್ತೆ ಮಾಡಬೇಕಾಗಬಹುದು.

ಈ ಸೇವೆಯ ಮೇಲೆ ನಮಗಿರುವ ದೊಡ್ಡ ದೂರು ಸ್ಕ್ಯಾನಿನ ಬಗ್ಗೆ ಅಲ್ಲ, ಅದರ ಬೆನ್ನಿಗೇ ಬರುವ ಅವಸರದ ಬಗ್ಗೆ. ಸೋಮವಾರ ಚೆಕಪ್, ಗುರುವಾರ ಇಡೀ ಕಿಡ್ನಿ ತೆಗೆಯುವ ದಿನಾಂಕ. 4 ಸೆಂ.ಮೀ. ಒಳಗಿನ ಗಡ್ಡೆಗೆ ಇಡೀ ಕಿಡ್ನಿ ತೆಗೆಯುವುದು ಈಗ ಮೊದಲ ಆಯ್ಕೆಯಲ್ಲ. ಆಪರೇಷನ್ ಬೇಕೆಂದಾದರೆ ಗಡ್ಡೆಯನ್ನಷ್ಟೇ ತೆಗೆದು ಕಿಡ್ನಿ ಉಳಿಸುವುದು ಮೊದಲ ಆಯ್ಕೆ, 3 ಸೆಂ.ಮೀ. ಒಳಗಿನವನ್ನು ಸುಡುವ ಅಥವಾ ಹೆಪ್ಪುಗಟ್ಟಿಸುವ ವಿಧಾನಗಳೂ ಇವೆ. ಇನ್ನೊಂದು ಕಿಡ್ನಿ ಇದೆಯಲ್ಲ, ಕ್ರಿಯಾಟಿನಿನ್ ನಾರ್ಮಲ್ ಇದೆಯಲ್ಲ ಎನ್ನುವವರಿಗೆ 2006ರಲ್ಲಿ ನ್ಯೂಯಾರ್ಕಿನಿಂದ ಬಂದ ಅಧ್ಯಯನವೇ ಉತ್ತರ: ಚಿಕ್ಕ ಗಡ್ಡೆಯಿದ್ದು, ಎರಡು ಕಿಡ್ನಿಯಿದ್ದು, ಕ್ರಿಯಾಟಿನಿನ್ ಸರಿಯಿದ್ದವರಲ್ಲೂ ನಾಲ್ವರಲ್ಲಿ ಒಬ್ಬರ ಇಜಿಎಫ್ಆರ್ ಆಪರೇಷನ್‌ಗೆ ಮುಂಚೆಯೇ 60ಕ್ಕಿಂತ ಕೆಳಗಿತ್ತು. ಶುಗರ್, ಬಿಪಿ ಎರಡೂ ಮನೆಮಾತಾಗಿರುವ ನಮ್ಮಲ್ಲಿ ಇದು ಸಣ್ಣ ಮಾತಲ್ಲ. ಗಡ್ಡೆ ಎಲ್ಲಿದೆ, ಎಷ್ಟು ಆಳಕ್ಕಿದೆ, ಮೂತ್ರ ಸೇರುವ ಜಾಗಕ್ಕೆ ಎಷ್ಟು ಹತ್ತಿರ ಎಂದು ಅಂಕ ಹಾಕುವ ರೀನಲ್ ಸ್ಕೋರ್ 2009ರಿಂದ ಬಳಕೆಯಲ್ಲಿದೆ. ಇಡೀ ಕಿಡ್ನಿ ತೆಗೆಯಬೇಕು ಎಂದವರನ್ನು ಆ ಸ್ಕೋರ್ ಎಷ್ಟು ಎಂದು ಕೇಳಿ. 9 ಅಥವಾ 10 ಬಂದು, ಕಾರಣ ವಿವರಿಸಿದರೆ ಅವರ ಮಾತಿಗೆ ತೂಕವಿದೆ. ಸ್ಕೋರೇ ಹಾಕಿಲ್ಲವೆಂದರೆ ಎರಡನೆಯ ಅಭಿಪ್ರಾಯಕ್ಕೆ ಹೋಗಿ. ಎರಡು ವಾರ ತಡವಾದರೆ ಈ ಗಾತ್ರದ ಗಡ್ಡೆ ಓಡಿಹೋಗುವುದಿಲ್ಲ.

ಗಡ್ಡೆ ತೆಗೆದ ಮೇಲೆ ಬರುವ ಪೆಥಾಲಜಿ ರಿಪೋರ್ಟೂ ಮೊದಲಿನಂತಿಲ್ಲ. ಕ್ಯಾನ್ಸರ್ ಎಷ್ಟು ಉಗ್ರ ಎಂದು ಹೇಳುವ 1982ರ ಫುರ್ಮನ್ ಗ್ರೇಡಿನಲ್ಲಿ ಜೀವಕೋಶದ ಕೇಂದ್ರದ ಗಾತ್ರ, ಆಕಾರ, ಒಳಗಿನ ಚುಕ್ಕೆ ಮೂರನ್ನೂ ಒಟ್ಟಿಗೆ ತೂಗಬೇಕಿತ್ತು, ಒಬ್ಬರು 2 ಎಂದದ್ದನ್ನು ಇನ್ನೊಬ್ಬರು 3 ಎನ್ನುತ್ತಿದ್ದರು. 2016ರ ಡಬ್ಲ್ಯುಎಚ್‌ಒ ವರ್ಗೀಕರಣ ಒಪ್ಪಿಕೊಂಡ ಹೊಸ ಗ್ರೇಡಿನಲ್ಲಿ 1ರಿಂದ 3ರವರೆಗೆ ಆ ಚುಕ್ಕೆ ಒಂದೇ ಅಳತೆಗೋಲು: 400 ಪಟ್ಟು ಹಿಗ್ಗಿಸಿದಾಗ ಮಾತ್ರ ಎದ್ದು ಕಂಡರೆ 2, 100 ಪಟ್ಟಿಗೇ ಕಂಡರೆ 3. ಸಾರ್ಕೊಮ್ಯಾಟಾಯ್ಡ್ ಅಥವಾ ರ್‍ಯಾಬ್ಡಾಯ್ಡ್ ಎಂಬ ಪದ ಕಂಡರೆ ನೇರ 4. ಕ್ರೋಮೋಫೋಬ್ ಜಾತಿಗೆ ಈ ಗ್ರೇಡ್ ಹಾಕುವಂತಿಲ್ಲ. ಹಾಕಿದ್ದರೆ ಪೆಥಾಲಜಿಸ್ಟರನ್ನು ಕೇಳಿ. ನಾಲ್ಕರಲ್ಲಿ ಮೂರರಷ್ಟು ಕ್ಯಾನ್ಸರುಗಳು ಕ್ಲಿಯರ್ ಸೆಲ್ ಜಾತಿಯವು. 2022ರಲ್ಲಿ ಪ್ಯಾಪಿಲ್ಲರಿಯ ಟೈಪ್ 1, ಟೈಪ್ 2 ಎಂಬ ಭೇದವನ್ನು ಕೈಬಿಟ್ಟರು. ಕ್ಲಿಯರ್ ಸೆಲ್ ಪ್ಯಾಪಿಲ್ಲರಿ ಎಂಬುದರ ಹೆಸರಿನಿಂದ ಕಾರ್ಸಿನೋಮ (ಕ್ಯಾನ್ಸರ್) ತೆಗೆದು ಬರೀ ಟ್ಯೂಮರ್ ಎಂದರು, ಅದು ಬೇರೆಡೆಗೆ ಹರಡುವ ಜಾತಿಯಲ್ಲ ಎಂದು. ಹಳೆಯ ರಿಪೋರ್ಟಿನಲ್ಲಿ ಆ ಹೆಸರಿದ್ದವರು ವೈದ್ಯರೊಂದಿಗೆ ಇದನ್ನು ಮಾತಾಡಲೇಬೇಕು. ಕಿಡ್ನಿಯ ನಡುವಿನ ಸೈನಸ್ ಕೊಬ್ಬನ್ನು ಈಗ ಹೆಚ್ಚು ತುಣುಕು ಮಾಡಿ ನೋಡುವುದರಿಂದ ಮೊದಲು ಟಿ1, ಟಿ2 ಎನಿಸುತ್ತಿದ್ದ ಕೆಲವು ಈಗ ಟಿ3ಎ, ಅಂದರೆ ಗಡ್ಡೆ ಕೊಬ್ಬಿಗೂ ಇಳಿದಿರುವ ಸ್ಟೇಜ್, ಆಗುತ್ತಿವೆ. ಅಲ್ಲಿ ರೋಗ ಉಗ್ರವಾದದ್ದಲ್ಲ, ನೋಟ ಸೂಕ್ಷ್ಮವಾದದ್ದು.

ಯಾರಿಗೆ ಈ ಸ್ಕ್ಯಾನ್? ಲಕ್ಷಣವಿಲ್ಲದ ಎಲ್ಲರಿಗೂ ಕಿಡ್ನಿ ಕ್ಯಾನ್ಸರ್ ಹುಡುಕಲೆಂದೇ ಸ್ಕ್ಯಾನ್ ಮಾಡಿ ಎಂದು ಪ್ರಮುಖ ಮಾರ್ಗಸೂಚಿಗಳು ಹೇಳುವುದಿಲ್ಲ, ನಾವೂ ಹೇಳುವುದಿಲ್ಲ. ದೀರ್ಘಕಾಲದ ಡಯಾಲಿಸಿಸ್‌ನಲ್ಲಿರುವವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಕಿಡ್ನಿ ಕ್ಯಾನ್ಸರ್ ಬಂದವರಿರುವವರು, ವಿಎಚ್‌ಎಲ್ (ವಾನ್ ಹಿಪೆಲ್-ಲಿಂಡೌ) ಎಂಬ ವಂಶಪಾರಂಪರ್ಯ ಕಾಯಿಲೆ ಇರುವ ಕುಟುಂಬದವರು ಮಾತ್ರ ವೈದ್ಯರೊಡನೆ ಕೂತು ಕ್ರಮವಾಗಿ ಮಾಡಿಸಬೇಕು. ಸಿಗರೇಟು, ಬೀಡಿ, ಬೊಜ್ಜು, ಬಿಪಿ ಎಲ್ಲವೂ ಅಪಾಯ ಹೆಚ್ಚಿಸುತ್ತವೆ. ಪ್ಯಾಕೇಜಿನಲ್ಲಿ ಹೇಗೂ ಸ್ಕ್ಯಾನ್ ಇದ್ದರೆ ಅದನ್ನು ಸರಿಯಾಗಿ ಮಾಡಿಸಿಕೊಳ್ಳಿ, ಅದೇ ಕವರಿನಲ್ಲಿರುವ ಮೂತ್ರದ ರಿಪೋರ್ಟನ್ನೂ ಓದಿ: ಸೂಕ್ಷ್ಮದರ್ಶಕದ ಒಂದು ನೋಟದಲ್ಲಿ ಕೆಂಪು ರಕ್ತಕಣ 3 ಅಥವಾ ಹೆಚ್ಚಿದ್ದರೆ ಯೂರಾಲಜಿಸ್ಟರಿಗೆ ತೋರಿಸಬೇಕು.

ಕೊನೆಯದಾಗಿ ಸಿ.ಡಿ. ವಿಷಯ. ವಯಸ್ಸಾದವರಿಗೆ, ಬೇರೆ ಕಾಯಿಲೆ ಇರುವವರಿಗೆ, ಚಿಕ್ಕ ಗಡ್ಡೆಯನ್ನು ಕಾಯ್ದು ನೋಡುವುದೂ ಒಪ್ಪಿತ ಚಿಕಿತ್ಸೆಯೇ: ಮೊದಲು ಮೂರರಿಂದ ಆರು ತಿಂಗಳಿಗೊಮ್ಮೆ, ಹೆಚ್ಚು ಬೆಳೆಯದಿದ್ದರೆ ವರ್ಷಕ್ಕೊಮ್ಮೆ. ಇಂಥ ಗಡ್ಡೆಗಳು ಸರಾಸರಿ ವರ್ಷಕ್ಕೆ 2–3 ಮಿ.ಮೀ. ಬೆಳೆಯುತ್ತವೆ. ಒಬ್ಬರು ಅಳೆದದ್ದಕ್ಕೂ ಇನ್ನೊಬ್ಬರು ಅಳೆದದ್ದಕ್ಕೂ ಬರುವ ವ್ಯತ್ಯಾಸವೂ ಅಷ್ಟೇ. ಕಳೆದ ವರ್ಷ 22, ಈ ವರ್ಷ 25 ಎಂದು ಎರಡು ಕಾಗದ ಹಿಡಿದರೆ ಬೆಳೆದಿದೆಯೋ ಅಳತೆ ತಪ್ಪಿದೆಯೋ ಯಾರಿಂದಲೂ ಹೇಳಲಾಗದು. ಎರಡು ವರ್ಷದ ಚಿತ್ರಗಳನ್ನು ಒಂದೇ ಪರದೆಯಲ್ಲಿ ಇಟ್ಟು, ಅದೇ ಸುತ್ತಿನ, ಅದೇ ಅಡ್ಡಕೊಯ್ತದಲ್ಲಿ ಒಬ್ಬರೇ ಅಳೆಯಬೇಕು. ಕವರಿನಲ್ಲಿ ಕೊಡುವ ಫಿಲ್ಮ್ ಇದಕ್ಕೆ ಸಾಲದು. ಸ್ಕ್ಯಾನ್ ಮುಗಿದ ದಿನವೇ ಪೂರ್ತಿ ಚಿತ್ರಗಳಿರುವ ಸಿ.ಡಿ. ಅಥವಾ ಪೆನ್‌ಡ್ರೈವ್ ಕೇಳಿ ಪಡೆಯಿರಿ, ಮನೆಯ ಕಂಪ್ಯೂಟರಿನಲ್ಲಿ ತೆರೆದುಕೊಳ್ಳುತ್ತದೆಯೇ ನೋಡಿ, ಮೇಲೆ ದಿನಾಂಕ ಬರೆದಿಡಿ. ಮುಂದಿನ ವರ್ಷ ಬೇರೆ ಸೆಂಟರಿಗೆ ಹೋದರೆ ಮೇಜಿನ ಮೇಲೆ ಮೊದಲು ಅದನ್ನೇ ಇಡಿ.